ಗೂಡಿನ ಪಕ್ಕದ ಹಾಲಿನ ಬಟ್ಟಲು

ಪೆಟಾಲಿಂಗ್ ಜಯಾ,
ಆಗಸ್ಟ್ ೨೦೨೦

ಪೂಜ್ಯ ಮಾವನವರಿಗೆ,

ಪೂಜ್ಯ ಎಂದು ಬರೆಯಲು ಕೈ ಒಪ್ಪುತ್ತಿಲ್ಲ. ರೂಢಿ ಬಿಡಲಾಗದೆ ಬರೆದಿದ್ದೇನೆ. ನೀವು ಮೈಸೂರು ತಲುಪಿ ಕ್ವಾರಂಟೈನ್ ಮುಗಿಸಿದಿರಂತೆ, ಇವರು ಹೇಳಿದರು. ಇಲ್ಲಿದ್ದಾಗ ಎದುರಿಗೆ ಆಡಲಾಗದ್ದನ್ನು ಈಗ ಆಡುತ್ತೇನೆ.

ಲಾಕ್‌ಡೌನ್‌ನಲ್ಲಿ ಇಂಚರಳಿಗೆ ಶಾಲೆಯಿಲ್ಲ, ಗೆಳತಿಯರಿಲ್ಲ. ಪಕ್ಕದ ಮನೆಯ ರತ್ನ ಕೊಟ್ಟ ಕೋಳಿಯೊಂದೇ ಜೊತೆ. ಆನ್‌ಲೈನ್ ಕ್ಲಾಸಿನಲ್ಲೂ ಅದನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದಳು. ಮೊಮ್ಮಗಳನ್ನು ನೋಡಲು ಬಂದು, ವಿಮಾನಗಳು ನಿಂತು ಇಲ್ಲೇ ಉಳಿದ ನಿಮಗೆ ಆ ಕೋಳಿಯ ವಾಸನೆಯೇ ಆಗುತ್ತಿರಲಿಲ್ಲ.

ಹಿತ್ತಲ ಮೋರಿಯ ಬಳಿ ಹೆಬ್ಬಾವು ಕಂಡಾಗ, ಇಲ್ಲಿ ಹಾವು ಹಿಡಿಯುವವರೂ ಅವರೇ ಎಂದು ಅಗ್ನಿಶಾಮಕದವರನ್ನು ಕರೆಸಲು ನಾನು ಫೋನ್ ಎತ್ತಿಕೊಂಡೆ. ನೀವು ಅಡ್ಡ ನಿಂತಿರಿ. "ಸುಬ್ಬಪ್ಪ ತಾನಾಗೇ ಮನೆಗೆ ಬಂದಿದಾನೆ. ಹಿಡಿಸಿದ್ರೆ ವಂಶಕ್ಕೇ ದೋಷ ಕಣಮ್ಮ," ಅಂದಿರಿ. ನಿಮ್ಮ ಮಗ ಒಳಗೆ ಹೋಗಿಬಿಟ್ಟರು. ಮರುದಿನದಿಂದ ಹಿತ್ತಲ ಕೋಳಿಗೂಡಿನ ಪಕ್ಕ ನೀವಿಟ್ಟ ಒಂದು ಬಟ್ಟಲು ಹಾಲು, ಅರಿಶಿನ ಕಲಸಿದ ಅನ್ನ.

ಹಾವು ಅದನ್ನು ಮೂಸಲೂ ಇಲ್ಲ. ಇಲಿಗಳು ತಿಂದವು. ಹಳಸಿದ ಹಾಲಿನ ನಾತ, ನೊಣ, ಇಲಿ ಹಿಕ್ಕೆ. ಅಲ್ಲಿ ಬಟ್ಟೆ ಒಣಹಾಕಲೂ ನನಗೆ ಅಸಹ್ಯವಾಗುತ್ತಿತ್ತು. ಇಲಿಗಳ ಬೆನ್ನಿಗೆ ಹಾವು ಮತ್ತೆ ಮತ್ತೆ ಬರತೊಡಗಿತು. ಇದು ಎಂಟು ವರ್ಷದ ಹುಡುಗಿಗೂ ಅರ್ಥವಾಯಿತು. "ತಾತಾ, ಡೋಂಟ್ ಪುಟ್ ಫುಡ್ ದೇರ್ ಲಾ. ದ ಸ್ನೇಕ್ ವಿಲ್ ಈಟ್ ಹರ್," ಎಂದು ಇಲ್ಲಿಯವರ ಧಾಟಿಯಲ್ಲೇ ಬೇಡಿಕೊಂಡಳು. ಮಡಿಯಲ್ಲಿದ್ದೇನೆ, ದೂರ ನಿಲ್ಲು ಎಂದಿರಿ. ನಾನು ಬಟ್ಟಲು ಎತ್ತಿಟ್ಟ ದಿನ ನೀವು ಊಟ ಬಿಟ್ಟಿರಿ. ಇವರು ನನ್ನ ಕೈಯಿಂದ ಅದನ್ನು ತೆಗೆದುಕೊಂಡು ಮತ್ತೆ ಅಲ್ಲೇ ಇಟ್ಟರು.

ಆಮೇಲಿನದು ನಿಮಗೂ ಗೊತ್ತು. ಬೆಳಗ್ಗೆ ಇಂಚರ ಗೂಡು ತೆರೆದಾಗ ಕೋಳಿ ಇರಲಿಲ್ಲ, ಹಾವಿತ್ತು. ಹೊಟ್ಟೆ ಉಬ್ಬಿ, ನುಸುಳಿದ ಸಂದಿಯಿಂದ ವಾಪಸ್ ಹೋಗಲಾಗದೆ ಬಿದ್ದಿತ್ತು. ಅಗ್ನಿಶಾಮಕದವರು ಎಳೆದಾಗ ನುಂಗಿದ್ದನ್ನು ಕಕ್ಕಿತು. ಲೋಳೆಯಲ್ಲಿ ಮುದ್ದೆಯಾದ ಕೋಳಿ, ಕಾಲಲ್ಲಿ ಇಂಚರ ಕಟ್ಟಿದ್ದ ಹಸಿರು ದಾರ. ಮಗು ಅಲ್ಲೇ ನಿಂತು ವಾಂತಿ ಮಾಡಿಕೊಂಡಳು. ನೀವು ಹಾವಿನ ಚೀಲಕ್ಕೆ ಕೈಮುಗಿದಿರಿ. "ಕೋಳಿ ತಾನೇ, ಇನ್ನೊಂದು ತಂದ್ರಾಯ್ತು," ಎಂದು ಸ್ನಾನಕ್ಕೆ ಹೋದಿರಿ.

ಸುಳ್ಳು ಹೇಳುವುದಿಲ್ಲ, ಆ ಹಾವನ್ನು ನೆನೆದರೂ ನನಗೆ ಹೇಸಿಗೆಯೇ. ಆದರೆ ಅದು ಕಕ್ಕಿದ್ದನ್ನು ನೀರು ಸುರಿದು ತೊಳೆದೆ, ಹೋಯಿತು. ನಿಮ್ಮ ಆ ನಮಸ್ಕಾರ ಹೋಗುತ್ತಿಲ್ಲ.

ಈಗ ಗೂಡಿಗೆ ತಳಕ್ಕೂ ಸೇರಿಸಿ ಸಣ್ಣ ಕಣ್ಣಿನ ತಂತಿಬಲೆ ಹೊಡೆಸಿದ್ದೇನೆ. ಕಾಳನ್ನು ಹೊರಗಿಡುವುದಿಲ್ಲ. ಇಲಿಗಳು ಕಡಿಮೆಯಾಗಿವೆ. ನೀವು ಹೇಳಿದಂತೆ ಇನ್ನೊಂದು ಕೋಳಿಯೂ ಬಂದಿದೆ, ನಿಮ್ಮ ಬಟ್ಟಲಿನಲ್ಲೇ ನೀರು ಕುಡಿಯುತ್ತದೆ. ಇಂಚರ ಅದನ್ನು ಮುಟ್ಟುವುದಿಲ್ಲ. ಹೆಸರೂ ಇಟ್ಟಿಲ್ಲ.

ಎಂದಿನಂತೆ ಆಶೀರ್ವಾದ ಬೇಡುತ್ತಿಲ್ಲ. ಭಾನುವಾರ ಫೋನ್ ಮಾಡಿದಾಗ ಅವಳ ಮಾರ್ಕ್ಸ್ ಕೇಳಬೇಡಿ. ತಪ್ಪಾಯಿತು ಎನ್ನಿ. ಸತ್ತ ಕೋಳಿಯ ಹೆಸರು ಹಿಡಿದು ಹೇಳಿ. ನಾಲ್ಕು ತಿಂಗಳು ಒಂದೇ ಮನೆಯಲ್ಲಿದ್ದರೂ ಅದರ ಹೆಸರೇನೆಂದು ನೀವು ಕೇಳಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ: ಬೂಂದಿ.

ಆರೋಗ್ಯ ನೋಡಿಕೊಳ್ಳಿ.

ನಿಮ್ಮ ಸೊಸೆ,
ಸುಗಂಧಿ