ಕುಂಕುಮ ಇಟ್ಟ ಕ್ಲಚ್ ಪ್ಲೇಟು

ಅರೆಕೆರೆ
೧೯ ಜನವರಿ ೨೦೨೫, ಭಾನುವಾರ

ಮಗಳು ಅರ್ಪಿತಳಿಗೆ ಅಮ್ಮನ ಆಶೀರ್ವಾದ.

ಕ್ಷೇಮ ಸಮಾಚಾರ ಆಮೇಲೆ. ಮೊದಲು ಅಡುಗೆಮನೆ ಬಾಗಿಲು ಹಾಕಿಕೊಂಡು ಒಬ್ಬಳೇ ಓದು. ಎಳ್ಳು-ಬೆಲ್ಲದ ಡಬ್ಬದಲ್ಲಿ ಕಾಗದ ಯಾಕೆ, ಫೋನಿಲ್ಲವಾ ಎಂದುಕೊಳ್ಳಬೇಡ. ನಾನು ಫೋನು ಕೈಗೆತ್ತಿಕೊಂಡರೆ ಸಾಕು, ನಿಮ್ಮಪ್ಪನ ಕಿವಿ ಈ ಕಡೆಗೇ ತಿರುಗುತ್ತದೆ. ಸುದ್ದಗುಂಟೆಪಾಳ್ಯಕ್ಕೆ ಈ ಡಬ್ಬ ತಂದುಕೊಡುವವರೂ ಅವರೇ, ಬರುವುದೂ ಆ ಪಿಕಪ್ಪಿನಲ್ಲೇ. ಒಳಗೆ ಎಳ್ಳಲ್ಲದೆ ಬೇರೇನಿದೆ ಎಂದು ಅವರಿಗೆ ಗೊತ್ತಿಲ್ಲ.

ವಿಷಯ ಆ ಗಾಡಿಯದೇ. ನಮ್ಮ ಶಾಮಿಯಾನದ ಕುರ್ಚಿ, ಪಾತ್ರೆ ಸಾಗಿಸಲು ಬಾಡಿಗೆ ಗಾಡಿಯವರಿಗೆ ಕೊಟ್ಟು ಕೊಟ್ಟು ಸಾಕಾಗಿ, ಹೋದ ಜೂನ್‌ನಲ್ಲಿ ಸೆಕೆಂಡ್ ಹ್ಯಾಂಡ್ ಪಿಕಪ್ ತೆಗೆದುಕೊಂಡೆವಲ್ಲ. ತೋರಿಸಿದವನು ನಿನ್ನ ಗಂಡ ರೇವಂತ್. ಬೊಮ್ಮನಹಳ್ಳಿಯ ತನ್ನ ಗಾರ್ಮೆಂಟ್ಸ್ ಫ್ಯಾಕ್ಟರಿಯದೇ ಗಾಡಿ, ಒಬ್ಬರೇ ಓನರ್, ಕಂಡೀಷನ್ ಸಖತ್ತಾಗಿದೆ ಎಂದ. ಹೊಸ ಪೇಂಟ್ ನೋಡಿದಾಗಲೇ ನನಗೆ ಅನುಮಾನ. ಮುದಿ ಎತ್ತಿನ ಕೊಂಬು ಹೆರೆದು ಬಣ್ಣ ಬಳಿದು ಸಂತೆಗೆ ಹೊಡೆದುಕೊಂಡು ಬರುವವರನ್ನು ನಮ್ಮಪ್ಪನ ಕಾಲದಲ್ಲೇ ಕಂಡವಳು ನಾನು.

ತಂದ ತಿಂಗಳಿಗೇ ರೇಡಿಯೇಟರ್ ಸೋರಿತು, ಐದು ಸಾವಿರ. ಬನ್ನೇರುಘಟ್ಟ ರೋಡಿನ ಹಂಪ್ ಹಾರಿಸಿದ್ದಕ್ಕೆ ಹಿಂದಿನ ಕಮಾನು ಪಟ್ಟೆ ಮುರಿಯಿತು, ಮೂರೂವರೆ ಸಾವಿರ. ಸೆಪ್ಟೆಂಬರ್‌ನಲ್ಲಿ ಕ್ಲಚ್ ಪ್ಲೇಟ್ ಸವೆದುಹೋಯಿತು, ಎಂಟು ಸಾವಿರ. ರೇವಂತ್ ಕಮಿಷನ್ ಹೊಡೆದಿದ್ದಾನೆ ಎಂದು ನಿಮ್ಮಪ್ಪನ ಹತ್ತಿರ ಅಂದದ್ದು ನಿಜ. ನಿನ್ನ ಮುಂದೆ ಅನ್ನಲಿಲ್ಲ, ಈಗ ಹೇಳುತ್ತಿದ್ದೇನೆ. ಮೆಕ್ಯಾನಿಕ್ ಸೀನುವಿನ ಮೇಲೂ ನಂಬಿಕೆ ಇರಲಿಲ್ಲ. ಹಾಕದ ಸಾಮಾನಿಗೆ ಬಿಲ್ಲು ಬರೆಯುವವರು ಊರಲ್ಲಿ ಕಡಿಮೆಯಾ? ಅದಕ್ಕೇ ಕಟ್ಟುನಿಟ್ಟು ಮಾಡಿದ್ದೆ. ಹೊಸದು ಹಾಕಿಸಿದರೆ ಹಳೆಯದು ಮನೆಗೆ ಬರಬೇಕು, ನನ್ನ ಕಣ್ಣಿಗೆ ಬೀಳಬೇಕು, ಆಮೇಲೆ ದುಡ್ಡು. ಬಂದದ್ದನ್ನೆಲ್ಲ ಮೆಟ್ಟಿಲ ಕೆಳಗೆ ಗೋಣಿಚೀಲದಲ್ಲಿ ಹಾಕಿಡುತ್ತಿದ್ದೆ.

ಆಯುಧಪೂಜೆ ದಿನ ನಿಮ್ಮಪ್ಪ ಬೀದಿಯಲ್ಲಿ ಗಾಡಿಗೆ ಬಾಳೆಕಂದು ಕಟ್ಟುತ್ತಿದ್ದರು. ನಾನು ಒಳಗೆ ಈಳಿಗೆಮಣೆ, ಸುತ್ತಿಗೆಗೆಲ್ಲ ಕುಂಕುಮ ಇಡುವಾಗ ಆ ಚೀಲದ ನೆನಪಾಯಿತು. ದುಡಿದ ಕಬ್ಬಿಣ, ಹಳೆಯದಾದರೇನು ಎಂದು ಅದಕ್ಕೂ ಇಟ್ಟೆ. ಕ್ಲಚ್ ಪ್ಲೇಟಿನ ನಡುವಿನ ತೂತಿನ ಸುತ್ತ ಐದು ಬೊಟ್ಟು. ಜಿಡ್ಡಿಗೆ ಕುಂಕುಮ ಗಟ್ಟಿಯಾಗಿ ಕಚ್ಚಿಕೊಂಡಿತು.

ಡಿಸೆಂಬರ್‌ನಲ್ಲಿ ನಿಮ್ಮಪ್ಪ ಮುಖ ಇಳಿಬಿಟ್ಟುಕೊಂಡು ಬಂದು, ಮತ್ತೆ ಕ್ಲಚ್ ಹೋಯಿತು ಅಂದರು. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಹಾಫ್ ಕ್ಲಚ್ಚಲ್ಲೇ ತೆವಳಿ ತೆವಳಿ ಸುಟ್ಟುಹೋಯಿತಂತೆ. ಹಳೆಯದನ್ನು ಪೇಪರಲ್ಲಿ ಸುತ್ತಿ ತಂದು ನನ್ನ ಮುಂದಿಟ್ಟರು. ಆ ಮುಖ ನೋಡಿ, ಪೇಪರ್ ಬಿಡಿಸದೆಯೇ ಎಂಟು ಸಾವಿರ ಕೊಟ್ಟೆ. ಅವರು ಅತ್ತ ಹೋದ ಮೇಲೆ ಪೇಪರ್ ಬಿಡಿಸಿದರೆ, ಐದು ಬೊಟ್ಟು ಕುಂಕುಮ. ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಪಾಪ ಅವರಿಗೆ ಕಂಡಿರಲಿಕ್ಕಿಲ್ಲ.

ಚೀಲ ತಡಕಿದೆ, ಅಲ್ಲಿ ಪ್ಲೇಟಿರಲಿಲ್ಲ. ನನ್ನ ಮನೆಯ ಸಾಮಾನನ್ನೇ ನನಗೆ ತೋರಿಸಿ ದುಡ್ಡು ಇಸಿದುಕೊಂಡಿದ್ದಾರೆ. ಮೂವತ್ತು ವರ್ಷದಲ್ಲಿ ನನ್ನ ಕಣ್ಣು ತಪ್ಪಿಸಿ ಒಂದು ಬೀಡಿಯನ್ನೂ ಸೇದದ ಮನುಷ್ಯ. ಇಸ್ಪೀಟೋ, ಇನ್ಯಾವಳೋ ಎಂದು ಏನೇನೋ ಯೋಚಿಸಿದೆ. ಮಾರನೆಯ ದಿನವೇ ಸೀನುವಿನ ಗ್ಯಾರೇಜಿಗೆ ಹೋದೆ. ಅವನು ಕೈ ಒರೆಸಿಕೊಳ್ಳುತ್ತ, "ಆ ಗಾಡಿ ಕ್ಲಚ್ ನಾನು ಇಳ್ಸಿರೋದು ಒಂದೇ ಸಲ ಅಮ್ಮ. ಯಜಮಾನ್ರು ಈ ಕಡೆ ಬಂದೇ ಮೂರು ತಿಂಗಳಾಯ್ತು" ಎಂದ.

ನಾನು ಬಾಯಿ ಬಿಡಲಿಲ್ಲ. ಬಿಟ್ಟರೆ ಕಳ್ಳ ಹುಷಾರಾಗುತ್ತಾನೆ. ಸಂಕ್ರಾಂತಿಯ ಹಿಂದಿನ ದಿನ ಕಬ್ಬು ತರುವ ನೆಪದಲ್ಲಿ ಅವರ ಜೊತೆ ಗಾಡಿ ಹತ್ತಿದೆ. ಅವರು ಕೆಳಗೆ ಚೌಕಾಸಿ ಮಾಡುತ್ತಿದ್ದಾಗ ಸೀಟಿನಡಿ, ಡ್ಯಾಶ್‌ಬೋರ್ಡ್ ಎಲ್ಲ ಜಾಲಾಡಿದೆ. ಇನ್ಶೂರೆನ್ಸ್ ಕಾಗದದ ಮಡಿಕೆಯಲ್ಲಿ ನಮ್ಮ ಮೊಮ್ಮಗಳು ಪುಟ್ಟಿಯ ಸ್ಕೂಲ್ ಫೀಸಿನ ರಸೀದಿ ಸಿಕ್ಕಿತು. ಎಂಟು ಸಾವಿರ. ಕ್ಲಚ್ ಹೋದ ದಿನದ್ದೇ ತಾರೀಖು. ಕಟ್ಟಿದವರು ಬೈರಣ್ಣ, ತಾತ ಎಂದು ಬರೆದಿತ್ತು.

ಆಗ ನನ್ನ ತಲೆಗೆ ಹೊಳೆಯಿತು. ಗಾಡಿ ಕೊಳ್ಳುವಾಗ ನೂರೆಂಟು ಕೇಳಿದ್ದೆ. ಎಷ್ಟು ಕಿಲೋಮೀಟರ್ ಓಡಿದೆ, ಎಲ್ಲಾದರೂ ಗುದ್ದಿದೆಯಾ, ಹೊಗೆ ಯಾವ ಬಣ್ಣ. ಅಷ್ಟು ಚೆನ್ನಾಗಿದ್ದರೆ ಫ್ಯಾಕ್ಟರಿಯವರು ಯಾಕೆ ಮಾರುತ್ತಾರೆ ಎಂದೂ ಕೇಳಿದ್ದೆ. ರೇವಂತ್ ತಲೆ ತಗ್ಗಿಸಿ, "ಫ್ಯಾಕ್ಟರಿ ಮುಚ್ತಿದಾರೆ ಅತ್ತೆ" ಎಂದ. ಹಾಗಾದರೆ ರೇಟು ಇನ್ನೂ ಇಳಿಸಲಿ ಎಂದೆ. ಹಾಗಾದರೆ ನಿನ್ನ ಕೆಲಸದ ಗತಿ ಏನಪ್ಪ ಎಂದು ಕೇಳಲು ನನಗೆ ತೋಚಲೇ ಇಲ್ಲ. ಏಳು ತಿಂಗಳಾಯಿತು ಅರ್ಪಿತಾ, ಇಷ್ಟು ದಿನ ಹೇಗೆ ಮನೆ ನಡೆಸಿದೆಯೋ.

ನೀನು ಅಪ್ಪನ ಹತ್ತಿರ ಹೋದೆ, ನನ್ನ ಹತ್ತಿರ ಬರಲಿಲ್ಲ. ಯಾಕೆಂದು ನನಗೆ ಗೊತ್ತು. ನಾನು ಬೇಡವೆಂದರೂ ರೇವಂತನನ್ನೇ ಮದುವೆಯಾಗುತ್ತೇನೆ ಎಂದು ನೀನು ಹೊರಟಾಗ ಹೊಸಿಲ ಮೇಲೆ ನಿಂತು, "ಕೈ ಚಾಚ್ಕೊಂಡು ಈ ಮನೆಗೆ ಬರ್ಬೇಡ" ಎಂದುಬಿಟ್ಟೆ. ಹಾಳು ಬಾಯಿ ನನ್ನದು. ಅಂದಿದ್ದನ್ನು ವಾಪಸ್ ತೆಗೆದುಕೊಳ್ಳುವುದು ಹೇಗೆಂದು ಎಂಟು ವರ್ಷವಾದರೂ ತಿಳಿಯಲಿಲ್ಲ. ಆ ರಸೀದಿ ಹಿಡಿದುಕೊಂಡು ಗಾಡಿಯಲ್ಲೇ ಅತ್ತೆ. ನಿಮ್ಮಪ್ಪ ಕಬ್ಬು ಹೇರುತ್ತಿದ್ದರು, ಗಮನಿಸಲಿಲ್ಲ.

ಮುಂದಿನ ಭಾನುವಾರ ಮೂವರೂ ಊಟಕ್ಕೆ ಬನ್ನಿ. ಶಾಮಿಯಾನದ ಬುಕಿಂಗ್, ಗಾಡಿ ಎರಡನ್ನೂ ನೋಡಿಕೊಳ್ಳಲು ಮನೆಯವನೊಬ್ಬ ಬೇಕು ಎಂದು ರೇವಂತನನ್ನು ನಾನೇ ಕೇಳುತ್ತೇನೆ. ಕಮಿಷನ್ನಿನ ಅನುಮಾನ ಮಾತ್ರ ಪೂರ್ತಿ ಹೋಗಿಲ್ಲ. ಅದನ್ನೂ ಕೇಳುತ್ತೇನೆ, ಪಾಯಸ ಬಡಿಸಿದ ಮೇಲೆ.

ನಿನ್ನ ಅನುಮಾನದ ಅಮ್ಮ,
ಸರ್ವಮಂಗಳಾ

ಬರೆಯಲು ಮರೆತದ್ದು: ಎರಡು ದಿನದಿಂದ ನಿಮ್ಮಪ್ಪ, ಗೇರ್‌ಬಾಕ್ಸ್ ಯಾಕೋ ಸದ್ದು ಮಾಡುತ್ತಿದೆ ಎಂದು ರಾಗ ತೆಗೆದಿದ್ದಾರೆ. ಈ ತಿಂಗಳು ನಿನಗೆ ಏನೋ ಬೇಕಾಗಿದೆ ಎಂದು ತಿಳಿದುಕೊಂಡೆ. ಡಬ್ಬದ ತಳದಲ್ಲಿ ಕವರಿನಲ್ಲಿರುವುದು ಗೇರ್‌ಬಾಕ್ಸಿನ ದುಡ್ಡು, ತೆಗೆದಿಟ್ಟುಕೋ. ನನಗೆ ಗೊತ್ತಾಗಿದೆ ಎಂದು ಅವರಿಗೆ ಹೇಳಬೇಡ, ನಾಚಿಕೊಳ್ಳುತ್ತಾರೆ. ಆ ಕ್ಲಚ್ ಪ್ಲೇಟಿಗೆ ತಪ್ಪಾಯಿತು ಎಂದು ಕೈಮುಗಿದು, ಡೀಸೆಲ್ ಬಟ್ಟೆಯಲ್ಲಿ ಕುಂಕುಮ ಒರೆಸಿ, ಚೀಲದಲ್ಲೇ ವಾಪಸ್ ಇಟ್ಟಿದ್ದೇನೆ. ನಿಮ್ಮಪ್ಪನಿಗೆ ಇನ್ನೊಂದು ಸಲ ಬೇಕಾದರೆ ಕೈಗೆ ಸಿಗಲಿ.