ಹಿಂದಿನ ಮೆಟ್ಟಿಲ ಒಣದ್ರಾಕ್ಷಿ

ಜತ್ತ
೧೨ ಮಾರ್ಚ್ ೨೦೨೫, ಬುಧವಾರ

ಮುಚ್ಚಂಡಿಯಲ್ಲಿ ಸಿಟ್ಟು ಹಿಡಿದು ಕೂತಿರುವ ನನ್ನ ಅವ್ವನಿಗೆ, ಐದನೇ ಮಹಡಿಯಿಂದ ಮಗಳು ಉಮಾಶ್ರೀಯ ನಮಸ್ಕಾರ.

ನಾನು ಆರಾಮ ಇದ್ದೇನೆ. ಕೂಸು ಒಳಗೆ ಚೆನ್ನಾಗಿ ಒದೆಯುತ್ತದೆ, ಅದರಲ್ಲೂ ನಾನು ಕಣ್ಣು ಮುಚ್ಚಿದ ಮೇಲೆ. ಡಾಕ್ಟರು ಎಲ್ಲ ಸರಿಯಿದೆ ಎಂದಿದ್ದಾರೆ. ರಕ್ತದ ಒತ್ತಡ ಮಾತ್ರ ಇನ್ನೂ ಏರಿಳಿಯುತ್ತಿದೆ. ಆದ್ದರಿಂದ ಜತ್ತ ಬಿಟ್ಟು ಎಲ್ಲಿಗೂ ಹೋಗಬೇಡ ಎನ್ನುವ ಮಾತು ಹಾಗೇ ಇದೆ.

ಫೋನಿರುವಾಗ ಪತ್ರವೇಕೆ ಎಂದು ನೀನು ಕೇಳುತ್ತೀ. ಫೋನಿನಲ್ಲಿ ನಿನ್ನ ತಮ್ಮನ, ಅಂದರೆ ನನ್ನ ಮಾವನ, ಹೆಸರು ಬಂದ ಕೂಡಲೇ ನೀನು ಕಟ್ ಮಾಡುತ್ತೀ. ಪತ್ರವನ್ನು ಕಟ್ ಮಾಡಲು ಬರುವುದಿಲ್ಲ. ಹರಿದು ಹಾಕಬಹುದು, ಆದರೆ ಕೂಸಿನ ಸುದ್ದಿ ಇದ್ದೀತೆಂದು ನೀನು ಹರಿಯಲಾರೆ.

ನನ್ನ ಸೀಮಂತದ, ಆ ಕುಬಸದ ದಿನದಿಂದ ನೀನು ಈ ಮನೆಯ ಕಡೆ ತಲೆ ಹಾಕಿಲ್ಲ. ಅಂದು ಕರೆಂಟ್ ಹೋಗಿ ಲಿಫ್ಟ್ ನಿಂತಿತ್ತು. ಮುಂದಿನ ಮೆಟ್ಟಿಲು ಇಕ್ಕಟ್ಟು, ಹಿಂದಿನದು ಅಗಲ ಎಂದು ಯಾರೋ ಹೇಳಿದರು. ಕೀಲಿ ತೆಗೆಸಿದರೆ, ಬಾಗಿಲ ಹಿಂದೆ ಮೆಟ್ಟಿಲೇ ಕಾಣಲಿಲ್ಲ. ಕೆಳಗಿನಿಂದ ಮೇಲಿನ ತನಕ ಮಾವನ ಒಣದ್ರಾಕ್ಷಿ ಪೆಟ್ಟಿಗೆಗಳು. ನೀನು ಎಲ್ಲರ ಮುಂದೆ ಕೇಳಿದೆ: “ಮಲಕಾಜಪ್ಪ, ಬೆಂಕಿ ಹತ್ತಿದ್ರ ನನ್ನ ಮಗಳು ಎಲ್ಲಿಂದ ಇಳೀಬೇಕೋ?” ಮಾವ ನಕ್ಕರು. “ಅಕ್ಕ, ಕಾಂಕ್ರೀಟ ಸುಡತೈತೇನ?” ಕೂಡಿದ ಮಂದಿಯೂ ನಕ್ಕಿತು. ನೀನು ಉಣ್ಣದೆ ಹೊರಟೆ. ಆ ಮೆಟ್ಟಿಲು ಖಾಲಿ ಆಗುವ ತನಕ ಈ ಬಿಲ್ಡಿಂಗಿನಲ್ಲಿ ಕಾಲಿಡುವುದಿಲ್ಲ ಎಂದೆ.

ಅವ್ವ, ನನಗೆ ಹೆರಿಗೆಯ ಹೊತ್ತಿಗೆ ನೀನು ಬೇಕು. ಬೇರೆ ಯಾರಿದ್ದರೂ ಸಾಲದು. ಇದಿಷ್ಟೇ ಹೇಳಬೇಕಾದದ್ದು. ಉಳಿದದ್ದೆಲ್ಲ ಇದರ ಸಲುವಾಗಿ ಏನೇನು ಆಯಿತು ಎನ್ನುವ ಸುದ್ದಿ.

ನೀನು ಹೋದ ಮೇಲೆ ನಾನು ಒಂದು ದಿನ ಬಿಲ್ಡಿಂಗನ್ನು ಮೇಲಿನಿಂದ ಕೆಳಗೆ ನೋಡಿದೆ. ಬೆಂಕಿ ಆರಿಸುವ ಕೆಂಪು ಪೆಟ್ಟಿಗೆಯಲ್ಲಿ ಪೈಪು ಇರಲಿಲ್ಲ. ಅದು ಆರನೇ ಮಹಡಿಯ ಶಿವಪುತ್ರಣ್ಣನ ದ್ರಾಕ್ಷಿ ತೋಟದಲ್ಲಿ ನೀರು ಹಾಯಿಸುತ್ತಿತ್ತು. ಉಸುಕಿನ ಕೆಂಪು ಬಕೀಟಿನಲ್ಲಿ ಎರಡನೇ ಮಹಡಿಯ ಬಾಳಾಬಾಯಿ ಕೊತ್ತಂಬರಿ ಬೆಳೆದಿದ್ದರು. ಯಾರಿಗೆ ಹೇಳುವುದು? ದೂರು ಕೇಳಬೇಕಾದ ಬಿಲ್ಡಿಂಗ್ ಸೊಸೈಟಿಯ ಚೇರಮನ್ನರೇ ನನ್ನ ಮಾವ, ನಿನ್ನ ತಮ್ಮ. ಬಿಲ್ಡಿಂಗಿನಲ್ಲಿ ಅರ್ಧ ಮಂದಿ ನಮಗೆ ಬೀಗರು, ಉಳಿದರ್ಧ ಮಂದಿ ಮಾವನಿಗೆ ದ್ರಾಕ್ಷಿ ಮಾರುವವರು. ಶಿವಪುತ್ರಣ್ಣನನ್ನು ಮೆಟ್ಟಿಲ ಪೆಟ್ಟಿಗೆಗಳ ಬಗ್ಗೆ ಕೇಳಿದರೆ, “ಬ್ಯಾಸಗಿ ಮುಗಿಯೂತನಕ ಇರ್ಲಿ ಬಿಡು ತಂಗಿ, ಪೆಟಗಿ ಏನ್ ಕೂಳು ಕೇಳತಾವೇನು?” ಎಂದ.

ಊಟಕ್ಕೆ ಕೂತಾಗ ನಾನೇ ಮಾವನಿಗೆ ಹೇಳಿದೆ. ಬೆಂಕಿ ಆರಿಸುವ ಬಂಡಿಯ ಏಣಿ ನಮ್ಮ ಮಹಡಿಗೆ ಮುಟ್ಟದಿದ್ದರೆ ಏನು ಮಾಡುವುದು ಎಂದೆ. “ಮೂರನೇದಕ್ಕರೆ ಮುಟ್ಟತೈತೆಲ್ಲ? ಎರಡ ಮಜಲಾ ಇಳದು ನಿಲ್ಲೂನು” ಎಂದು ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ನಿನ್ನ ಅಳಿಯ ವಿಜಯಕುಮಾರ ಆ ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಟ್ಟ. ಅಪ್ಪನ ಎದುರು ಅವನ ಬಾಯಿ ಏಳುವುದಿಲ್ಲ ಎಂದು ನಿನಗೆ ಗೊತ್ತಿದ್ದದ್ದೇ.

ಇನ್ನು ಮುಂದೆ ಬರೆಯುವುದಕ್ಕೆ ನೀನು ಬೈಯುತ್ತೀ. ಬಸುರಿ ಇಂಥ ಮಾತು ಆಡಬಾರದು ಎನ್ನುತ್ತೀ. ಆಡಿದ್ದಾಗಿದೆ.

ಶಿವಪುತ್ರಣ್ಣನ ತಂದೆ ಸೋಮನಿಂಗಪ್ಪಜ್ಜ ಸಂಜೆಗೆ ನಮ್ಮಲ್ಲಿ ಚಹಾಕ್ಕೆ ಬರುತ್ತಾರೆ. ಸಕ್ಕರೆ ಹಾಕಬೇಡ ಎಂದು ಅವರ ಸೊಸೆ ಹೇಳಿದ್ದಾಳೆ, ಆದ್ದರಿಂದಲೇ ನಮ್ಮಲ್ಲಿಗೆ ಬರುತ್ತಾರೆ. ಯಳವಿಯಲ್ಲಿ ಜೀವಮಾನವೆಲ್ಲ ಭಜನೆ ಮೇಳ ನಡೆಸಿದವರು. ಹೋದ ವಾರ ಚಹಾ ಬಸಿಯುತ್ತ ನಾನು ಒಂದೇ ಪ್ರಶ್ನೆ ಕೇಳಿದೆ: “ಅಜ್ಜಾ, ನಮ್ಮ ಲಿಫ್ಟಿನ್ಯಾಗ ವಿಮಾನ ಹಿಡಿತೈತೇನ್ರಿ?”

ಅಜ್ಜ ಚಹಾದ ಬಶಿ ಕೆಳಗಿಟ್ಟರು. “ಅಲ್ಲವ್ವ, ನಮ್ಮ ಮಂದಿ ಕಡೀ ದಿನ ಕುಂತು ಹೋಗಾವ್ರು. ಹೂವಿನ ವಿಮಾನದಾಗ ಹೆಣಾ ಕುಂದ್ರಿಸಿ, ಭಜನಿ ಹಚ್ಚಿ, ಅರ್ಧ ಯಳವಿಗೆ ಹಂಗ ಕಳಿಸಿ ಕೊಟ್ಟೀನಿ ನಾ. ನನ್ನ ಏನ ಗೋಣಿಚೀಲದಂಗ ಹೆಗಲ ಮ್ಯಾಲ ಒಗಕೊಂಡು ಇಳಸ್ತಾರೇನು?”

ಮರುದಿನ ಮುಂಜಾನೆ ಅಜ್ಜ ಕೋಲು ಹಿಡಿದು ಲಿಫ್ಟನ್ನು ಅಳೆದರು. ಹಿಡಿಯುವುದಿಲ್ಲ. ಸಂಜೆಯ ಹೊತ್ತಿಗೆ ಬಿಲ್ಡಿಂಗಿನ ವಯಸ್ಸಾದವರೆಲ್ಲ ಎಚ್ಚರಾದರು. ಬಾಳಾಬಾಯಿ ಕೆಳಗಿನ ಕಟ್ಟೆಯ ಮೇಲೆ ಕೂತು, “ನಿಮ್ಮದು ಕುಂತ ಹೋಗೂ ತ್ರಾಸ ಆತು. ನಾವು ಮಲಕೊಂಡು ಹೋಗಾವ್ರು, ನಮ್ಮನ್ನ ಲಿಫ್ಟಿನ್ಯಾಗ ನಿಂದ್ರಿಸಿ ಒಯ್ಯತೀರೇನು? ಸತ್ತ ಮ್ಯಾಲೂ ನಿಂದ್ರೂದ?” ಎಂದು ಮಾವನಿಗೆ ಕೇಳುವಂತೆಯೇ ಅಂದರು. ಬೆಂಕಿ ಬಿದ್ದರೆ ತಮ್ಮ ಮನೆಗೆ ಬೀಳುವುದಿಲ್ಲ ಎಂದು ಎಲ್ಲರೂ ನಂಬಿದ್ದರು. ಇದು ಮಾತ್ರ ಯಾರಿಗೂ ತಪ್ಪಿದ್ದಲ್ಲ.

ಅಜ್ಜ ಹಟ ಹಿಡಿದರು: ಮುಂದಿನ ಮೆಟ್ಟಿಲಲ್ಲಿ ಇಳಿಸಿ ತೋರಿಸಿರಿ, ಆಮೇಲೆ ನಾನು ನಿಶ್ಚಿಂತನಾಗಿ ಇರುತ್ತೇನೆ. ರವಿವಾರ ಮುಂಜಾನೆ ಒಂದು ಕುರ್ಚಿಗೆ ಎರಡು ಬಿದಿರು ಕಟ್ಟಿದರು. ಹೊರುವವರು ನಾಲ್ವರು: ವಿಜಯಕುಮಾರ, ಶಿವಪುತ್ರಣ್ಣ, ಏಳನೇ ಮಹಡಿಯ ಅಣ್ಣತಮ್ಮಂದಿರಾದ ಮಹಾಂತ, ರೇವಣ್ಣ. ಅಜ್ಜ ಹಣೆ ತುಂಬ ವಿಭೂತಿ ಬಳಿದುಕೊಂಡು, ಹಳದಿ ರುಮಾಲು ಸುತ್ತಿ, ಕೈಯಲ್ಲಿ ತಾಳ ಹಿಡಿದು ಕೂತರು. ತಮ್ಮ ಭಜನೆ ತಾವೇ ಹಾಡುತ್ತ ಹೊರಟರು. ಒಣದ್ರಾಕ್ಷಿ ಲಿಲಾವಿಗೆಂದು ಹರಾಜಿನ ಕಟ್ಟೆಗೆ ಹೊರಟಿದ್ದ ಮಾವ ಇಸ್ತ್ರಿ ಅಂಗಿ ತೊಟ್ಟು ಬಾಗಿಲಿಗೆ ಬಂದರು. “ಅಜ್ಜಾ, ಇಷ್ಟ್ಯಾಕ ಗಡಿಬಿಡಿ? ಇನ್ನಾ ಟೈಮ್ ಐತಿ” ಎಂದರು. ಅಜ್ಜ ತಾಳ ನಿಲ್ಲಿಸದೆ, “ಟೈಮ್ ಇದ್ದಾಗ ನೋಡ್ಲಾಕತ್ತೀನೋ ತಮ್ಮ, ಆಮ್ಯಾಲ ನನಗ ನೋಡ್ಲಾಕ ಬರಂಗಿಲ್ಲ” ಎಂದರು.

ನಮ್ಮ ಮಹಡಿ ದಾಟಿ ಇಳಿಯುವ ತಿರುವಿನಲ್ಲಿ ಬಿದಿರು ಗೋಡೆಗೂ ಕಟಾಂಜನಕ್ಕೂ ನಡುವೆ ಸಿಕ್ಕಿತು. ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಕೆಳಗಿನವರು ನೋಡಲು ಮೇಲೆ ಬಂದರು, ಮೇಲಿನವರು ಕೆಳಗೆ ಬಂದರು. ನಡುವೆ ಅಜ್ಜ. ಎಲ್ಲರೂ ಒಂದೊಂದು ಸಲಹೆ ಕೊಡುತ್ತಿರುವಾಗ ಕರೆಂಟ್ ಹೋಯಿತು. ಲಿಫ್ಟ್ ನಿಂತಿತು.

ಮೂರನೇ ಮಹಡಿಯ ಛಾಯಾ ಅಂದು ಮಸಾಲೆಗೆಂದು ಒಲೆಯ ಮೇಲೆ ಬುಟ್ಟಿಯಷ್ಟು ಒಣಮೆಣಸಿನಕಾಯಿ ಹುರಿಯಲು ಇಟ್ಟಿದ್ದಳು. ಗದ್ದಲ ಕೇಳಿ ಹಾಗೇ ಬಿಟ್ಟು, ಬಾಗಿಲು ತೆರೆದಿಟ್ಟು, ನೋಡಲು ಬಂದಿದ್ದಳು.

ಈಗಿನದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಮೊದಲು ಯಾರೋ ಸೀನಿದರು, ಉಳಿದವರು ನಕ್ಕರು. ಆಮೇಲೆ ಹೊಗೆ ಬಂತು. ಮೆಟ್ಟಿಲ ಸಂದಿಯಲ್ಲಿ ಕೊಳವೆಯಲ್ಲಿ ಏರಿದಂತೆ ನೇರ ಮೇಲಕ್ಕೆ, ನಮ್ಮ ಕಡೆಗೇ ಬಂತು. ಎಲ್ಲಿಂದ ಬಂತು ಎಂದು ಮೇಲಿದ್ದ ನಮಗೆ ಗೊತ್ತಿರಲಿಲ್ಲ. ಕಣ್ಣು ತೆರೆಯಲು ಆಗಲಿಲ್ಲ. ಕೆಮ್ಮಿ ಕೆಮ್ಮಿ ನನ್ನ ಹೊಟ್ಟೆ ಬಿಗಿಯಿತು. ಮಾವ ತಮ್ಮ ಹೆಗಲ ವಸ್ತ್ರವನ್ನು ನನ್ನ ಮೂಗಿಗೆ ಒತ್ತಿ, “ಬಾರವ್ವ, ಈ ಕಡೆ ಬಾ” ಎಂದು ಹಿಂದಿನ ಮೆಟ್ಟಿಲ ಬಾಗಿಲಿಗೆ ಕರೆದೊಯ್ದರು. ಹೊಗೆಯಲ್ಲಿ ಕೀಲಿಯ ತೂತು ಕಾಣದೆ, ಬೆರಳಿನಿಂದ ತಡವಿ ಹುಡುಕಿ ಕೀಲಿ ತಿರುಗಿಸಿದರು. ಬಾಗಿಲು ತೆರೆಯಿತು. ಎದುರಿಗೆ ಪೆಟ್ಟಿಗೆಗಳ ಗೋಡೆ, ಒಂದೊಂದರ ಮೇಲೂ ಅವರದೇ ಹೆಸರು.

ಆ ಕ್ಷಣಕ್ಕೆ ಅವರು ಮರೆತಿದ್ದರೋ, ಗಾಬರಿಯಲ್ಲಿ ಬೇರೆ ದಾರಿ ಹೊಳೆಯಲಿಲ್ಲವೋ ನಾನು ಕೇಳಿಲ್ಲ. ಅವರು ನನ್ನ ಮುಖ ನೋಡಿದರು. ಆಮೇಲೆ ಇಸ್ತ್ರಿ ಅಂಗಿಯಲ್ಲೇ ಪೆಟ್ಟಿಗೆಗಳನ್ನು ಎಳೆದೆಳೆದು ಹಿಂದಕ್ಕೆ ಒಗೆಯತೊಡಗಿದರು. ಪೆಟ್ಟಿಗೆ ಒಡೆದು ಒಣದ್ರಾಕ್ಷಿ ನೆಲದ ತುಂಬ ಹರಡಿತು. ಒಂದು ಸಾಲು ತೆಗೆದರೆ ಹಿಂದೆ ಇನ್ನೊಂದು ಸಾಲು ಇತ್ತು.

ಅಷ್ಟರಲ್ಲಿ ತಿರುವಿನಿಂದ ಅಜ್ಜನ ದನಿ ಬಂತು: “ಏ ಛಾಯಾ! ನಿನ್ನ ಮೆಣಸಿನಕಾಯಿ ಆರಸು ಮಾರಾಯ್ತಿ! ಇದು ತಾಲೀಮು ಐತಿ, ನನ್ನ ಖರೇನ ಕಳಿಸಬ್ಯಾಡ!” ಛಾಯಾ ಕುರ್ಚಿಗಿಂತ ಕೆಳಗಿದ್ದಳು, ಅದು ನಮ್ಮ ಪುಣ್ಯ. ಓಡಿ ಹೋಗಿ ಒಲೆ ಆರಿಸಿದಳು. ಕಿಟಕಿಗಳನ್ನು ತೆರೆದರು. ಸುಟ್ಟದ್ದು ಮೆಣಸಿನಕಾಯಿ ಮಾತ್ರ. ಡಾಕ್ಟರು ಆಗಲೇ ನೋಡಿದ್ದಾರೆ, ನಾನೂ ಕೂಸೂ ಚೆನ್ನಾಗಿದ್ದೇವೆ, ನೀನು ಎದೆ ಹಿಡಿದುಕೊಳ್ಳಬೇಡ.

ಹೊಗೆ ಹೋದ ಮೇಲೆ ಮಾವ ಒಣದ್ರಾಕ್ಷಿಯ ನಡುವೆ ಕೂತಿದ್ದರು. ವಿಜಯಕುಮಾರ ಬಂದು, ಲಿಲಾವಿಗೆ ಹೊತ್ತಾಯಿತು ಎಂದ. “ಯಾವ ಲಿಲಾವೋ? ಮದಲ ಈ ಪೆಟಗಿ ಹಿಡಿ” ಎಂದರು. ಆಮೇಲೆ ಎದ್ದು ನಿಂತು ಎಲ್ಲರ ಎದುರು ಹೇಳಿದರು: “ಪೆಟಗಿ ನನ್ನವು, ಕೀಲಿ ನಂದು, ಚೇರಮನ್ನನೂ ನಾನ. ಬ್ಯಾರೆ ಯಾರ ಮ್ಯಾಲೂ ಹಾಕಲಾಕ ಜಾಗಾ ಇಲ್ಲ. ನಮ್ಮ ಅಕ್ಕ ಕೇಳಿದಾಗ ನಾ ನಕ್ಕಿದ್ದೆ.” ಇರಲಿ ಬಿಡ್ರಿ ಎಂದು ಯಾರೂ ಅನ್ನಲಿಲ್ಲ. ಅದೂ ಚಲೋ ಆಯಿತು.

ಮೇಲಿನಿಂದ ಕೆಳಗಿನವರೆಗೆ ಮಂದಿ ಸಾಲಾಗಿ ನಿಂತು ಪೆಟ್ಟಿಗೆಗಳನ್ನು ಕೈಯಿಂದ ಕೈಗೆ ದಾಟಿಸಿದರು. ಒಡೆದವನ್ನು ತಿನ್ನುತ್ತ ದಾಟಿಸಿದರು. ಬಾಳಾಬಾಯಿ ಸೆರಗಿನ ತುಂಬ ಕಟ್ಟಿಕೊಂಡು, ಕೊತ್ತಂಬರಿ ಕಿತ್ತು ಬಕೀಟಿಗೆ ಉಸುಕು ತುಂಬಿದರು. ಶಿವಪುತ್ರಣ್ಣ ಯಾರಿಗೂ ಹೇಳದೆ ತೋಟಕ್ಕೆ ಹೋಗಿ ಪೈಪು ತಂದು ಪೆಟ್ಟಿಗೆಯಲ್ಲಿ ಸುತ್ತಿಟ್ಟ. ಅದರಲ್ಲಿ ಒಂದು ಕಪ್ಪೆ ಇತ್ತು. ಸಿಕ್ಕ ಬಿದಿರು ಕೊಯ್ದು ಬಿಡಿಸಿದ ಅಜ್ಜನನ್ನು ಸಂಜೆಗೆ ಬೇರೆ ಬಿದಿರು ಕಟ್ಟಿ ಹಿಂದಿನ ಮೆಟ್ಟಿಲಲ್ಲಿ ಭಜನೆಯೊಂದಿಗೆ ಇಳಿಸಿದರು. ಎಲ್ಲೂ ತಗಲಲಿಲ್ಲ. ಕೆಳಗೆ ಬಂದು ಸುತ್ತಲೂ ನೋಡಿ, “ಭೇಷ್. ಇನ್ನ ಅವಸರಿಲ್ಲ” ಎಂದು ಚಹಾ ಕೇಳಿದರು.

ಸೋಮವಾರದ ಸಭೆಯಲ್ಲಿ ಮಾವ ಚೇರಮನ್ ಜಾಗ ಬಿಟ್ಟರು. ಈಗ ಛಾಯಾ ಚೇರಮನ್. ಹೊಗೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಅವಳಿಗೇ ಚೆನ್ನಾಗಿ ಗೊತ್ತು ಎಂದು ಮಹಾಂತ ಅವಳ ಹೆಸರು ಸೂಚಿಸಿದ. ಅವಳು ಮೊದಲು ನಾಚಿದಳು, ಆಮೇಲೆ ಹಿಂದಿನ ಮೆಟ್ಟಿಲಿಗೆ ಇನ್ನು ಕೀಲಿಯೇ ಇರಬಾರದು ಎಂದು ಠರಾವು ಮಾಡಿಸಿದಳು. ಬೆಂಕಿಯ ವ್ಯವಸ್ಥೆ ಪೂರ್ತಿ ಪರೀಕ್ಷೆ ಮಾಡುವವರು ಮುಂದಿನ ವಾರ ಸಾಂಗ್ಲಿಯಿಂದ ಬರುತ್ತಾರೆ. ಮೆಟ್ಟಿಲ ಕಾವಲು ಅಜ್ಜನದು. ನಿನ್ನೆ ಅಲ್ಲಿ ನಿನ್ನ ಅಳಿಯನ ಹೊಸ ಬೂಟು ಕಂಡು ಕಿಟಕಿಯಿಂದ ಒಗೆದರು.

ನಾನು ಇಂದು ಮುಂಜಾನೆ ಆ ಮೆಟ್ಟಿಲನ್ನು ಒಬ್ಬಳೇ, ನಿಧಾನಕ್ಕೆ, ಕೆಳಗಿನ ತನಕ ಇಳಿದೆ. ಒಳಗೆ ಗಾಳಿ ಚೆನ್ನಾಗಿದೆ. ಇನ್ನೂ ಸಿಹಿ ವಾಸನೆ ಹೋಗಿಲ್ಲ. ನೀನು ಯಾರನ್ನೂ ಕ್ಷಮಿಸಬೇಕೆಂದು ನಾನು ಬರೆಯುತ್ತಿಲ್ಲ. ಬಂದು ಮೆಟ್ಟಿಲು ನೋಡು, ಆಮೇಲೆ ನನ್ನ ಹತ್ತಿರ ಇರು.

ದಾರಿ ನೋಡುತ್ತಿರುವ ನಿನ್ನ ಮಗಳು,
ಉಮಾಶ್ರೀ

ತಾ.ಕ.: ಈ ಪತ್ರ ನಿನ್ನ ಕೈಗೆ ಕೊಟ್ಟ ಹುಡುಗ ಕಲ್ಮೇಶ, ಮಾವನ ಕಾರು ನಡೆಸುವವನು. ಮಾವ ನಿನ್ನ ಓಣಿಯ ತಿರುವಿನಲ್ಲಿ, ಕಾರಿನಲ್ಲೇ ಕೂತಿರುತ್ತಾರೆ. “ಅಕ್ಕ ಓದಿ ಮುಗಿಸಿ ಕರದ್ರ ಒಳಗ ಹೋಗ್ತೀನಿ, ಇಲ್ಲಾಂದ್ರ ಹಂಗ ತಿರುಗಿ ಬರ್ತೀನಿ” ಎಂದಿದ್ದಾರೆ. ಉಂಡು ಹೋಗಿರಿ ಎಂದು ನಾನು ಹೇಳಿದರೆ, ಅಕ್ಕನ ಕೈಯ ರೊಟ್ಟಿಯೇ ಆಗಬೇಕಂತೆ. ನೀನು ಒಂದೊಂದೇ ಅಕ್ಷರ ಕೂಡಿಸಿ ಓದುವವಳು ಎಂದು ಗೊತ್ತಿದ್ದೇ ಇಷ್ಟು ಉದ್ದ ಬರೆದೆ. ಅಷ್ಟು ಹೊತ್ತು ಬಿಸಿಲಲ್ಲಿ ಕಾಯುವುದು ಅವರಿಗೆ ಬೇಕಾಗಿತ್ತು. ಈಗ ಸಾಕು, ಒಳಗೆ ಕರಿ.