ಮಂಡಿ ನೋವಿನ ಕಾಗದ

ಜೂನ್ ೧೬, ಮಂಗಳವಾರ

ಅಂತೂ ಕಾಗದ ಹೋಯಿತು. ಎರಡು ದಿನದಿಂದ ಅದೇ ತಲೆಬಿಸಿ. ಓಟದ ಬಟ್ಟೆ ಮಾಡುವ ಕಂಪನಿಯೊಂದರ ಪರವಾಗಿ ಓಡುವವಳು ನಾನು; ಅದಕ್ಕೆ ಸದಸ್ಯರು ಕಟ್ಟುವ ಚಂದಾದಲ್ಲೇ ನನ್ನ ಶೂ, ತರಬೇತಿ, ಸಂಬಳ ಎಲ್ಲ ನಡೆಯುವುದು. ಬದಲಿಗೆ ಅವರಿಗೆ ಒಂದು ಟೋಪಿ, ತಿಂಗಳಿಗೊಮ್ಮೆ ಫೋನಿಗೆ ನನ್ನದೊಂದು ಕಾಗದ. ಭಾನುವಾರದ ಓಟವನ್ನು ಅರ್ಧಕ್ಕೇ ಬಿಟ್ಟು ಬಂದವಳು ಏನೆಂದು ಬರೆಯಲಿ? ಬೆಳಗ್ಗೆ "ಮಂಡಿ ನೋವಿನಿಂದಾಗಿ" ಎಂದು ಶುರು ಮಾಡಿದ್ದೆ.

ಅತ್ತೆ ಹಿಂದಿನಿಂದ ಬಗ್ಗಿ ಓದಿದರು. "ಮಂಡಿ ನೋವಾ? ನಿನ್ನೆ ಮೆಟ್ಟಿಲು ಎರಡೆರಡು ಹಾರ್ಕೊಂಡು ಬಂದ್ಯಲ್ಲೇ!"

"ಸದಸ್ಯರೇನು ನೋಡಿದ್ರಾ, ಅತ್ತೆ?"

"ಒಬ್ಬಳು ನೋಡಿದಾಳೆ," ಎಂದವರೇ ಬೀರುವಿನಿಂದ ಅದೇ ಟೋಪಿ ತಂದು ಮೇಜಿನ ಮೇಲಿಟ್ಟರು. ನಾನು ಓಡಲು ಹೊರಟರೆ "ಯಾರು ಅಟ್ಟಿಸ್ಕೊಂಡು ಬರ್ತಿದಾರೆ?" ಎನ್ನುವ ಅತ್ತೆ, ಎರಡು ವರ್ಷದಿಂದ ಸದಸ್ಯರಂತೆ! "ನಂಗೆ ನಿಜ ಹೇಳು. ಯಾಕೆ ನಿಂತೆ?"

"ಎಲ್ರೂ ಮುಂದೆ ಹೋಗ್ಬಿಟ್ರು. ಕೊನೆಯವಳಾಗಿ ಬರೋಕೆ ನಾಚಿಕೆ ಆಯ್ತು."

"ನಾನು ಪಾರ್ಕಲ್ಲಿ ದಿನಾ ಕೊನೆಯವಳೇ. ಟೋಪಿ ಹಾಕ್ಕೊಂಡು ಮತ್ತೇನು ಮಾಡ್ತೀನಿ ಅಂದ್ಕೊಂಡೆ?"

ವಾಕಿಂಗ್ ಎಂದುಕೊಂಡಿದ್ದೆ. ಓಡುತ್ತಾರಂತೆ!

ಮಂಡಿ ನೋವಿನ ಸಾಲನ್ನು ಹೊಡೆದುಹಾಕಿ, ಆದದ್ದನ್ನು ಆದ ಹಾಗೇ ಬರೆದು ಸಂಜೆ ಕಳಿಸಿದೆ. ಎದೆ ಹಗುರಾಗಿದೆ. ಪಕ್ಕದ ಕೋಣೆಯಲ್ಲಿ ಅತ್ತೆ ಅದನ್ನು ಓದಿ ನಗುತ್ತಿರುವುದು ಇಲ್ಲಿಗೇ ಕೇಳುತ್ತಿದೆ. ಕೊನೆಯ ಸಾಲಿಗೇ ಇರಬೇಕು: "ನಾಳೆ ಬೆಳಗ್ಗೆ ಆರಕ್ಕೆ ಪಾರ್ಕಿಗೆ ನಾನೂ ಬರ್ತೀನಿ, ಅತ್ತೆ, ಕಾಯ್ತಿರಿ."

ಅಯ್ಯೋ, ಆ ಸಾಲು ಸದಸ್ಯರೆಲ್ಲರಿಗೂ ಹೋಗಿಬಿಟ್ಟಿದೆ!